ಇನ್ನೊಂದು ಕಂಬಳಿ

ನರಿನ್ ಊರಲ್ಲಿ ಆ ರಾತ್ರಿ ಬಾಯ್ಲರ್ ಕೆಟ್ಟಿತ್ತು.
ಹೆರಿಗೆ ವಾರ್ಡಿನ ಕಿಟಕಿಗೆ ಒಳಗಿನಿಂದಲೇ ಹಿಮ.
ನಾನೂ ನಡುಗುತ್ತಿದ್ದೆ, ಸ್ವೆಟರಿನ ಮೇಲೆ ಬಿಳಿ ಕೋಟು,
ಜೇಬಲ್ಲಿ ಕಲ್ಲಾದ ಎರಡು ಕುರುತ್ ಉಂಡೆ.

ಏಳನೇ ಮಂಚದಲ್ಲಿ ಕನಿಶಾಯ್.
ಸಂಜೆ ಹೆತ್ತಿದ್ದಳು, ಹೆತ್ತಮೇಲೂ ನಿಲ್ಲದೆ ಹರಿದಿತ್ತು.
ಚೀಲ ತೂಗುಹಾಕಿ, ಹನಿ ಬಿಟ್ಟು,
ಮೊದಲ ಹದಿನೈದು ನಿಮಿಷ ಪಕ್ಕದಿಂದ ಏಳಬಾರದೆಂದು
ಸ್ಟೂಲು ಎಳೆದು ಕೂತೆ.

ಆರನೇ ನಿಮಿಷಕ್ಕೆ ಅವಳ ಗದ್ದ ಅದುರಿತು.
"ಚಳಿ," ಅಂದಳು ಅತ್ತೆ,
"ಇನ್ನೊಂದು ಕಂಬಳಿ ಕೊಡು ಮಗಳೇ."
ಕೊಡಲೆಂದು ಎದ್ದೇಬಿಟ್ಟಿದ್ದೆ.
ಇಡೀ ಊರಿಗೇ ಚಳಿ, ಇವಳೊಬ್ಬಳದ್ದೇನು ಹೆಚ್ಚು?

"ಎಜೆ," ಎಂದಳು, ಅಕ್ಕನನ್ನು ಕರೆಯುವ ಹಾಗೆ.
"ಸೊಂಟ ಯಾರೋ ಹಿಂಡುತ್ತಿದ್ದಾರೆ.
ನನಗೇನೋ ಆಗುತ್ತೆ, ಎಜೆ. ಕೆಟ್ಟದ್ದು."

ಕಂಬಳಿ ಕೈಯಿಂದ ಜಾರಿತು.
ಯಾಕೆ, ಏನು ಎಂದು ಕೇಳಲಿಲ್ಲ.
ಬೆರಳು ಹೋದದ್ದು ಮೊದಲು ಕ್ಲ್ಯಾಂಪಿಗೆ.
ಕೆಂಪು ನಿಂತಿತು.
ಸೂಜಿ ತೆಗೆಯಲಿಲ್ಲ (ಆ ನರ ಮತ್ತೆ ಸಿಗುತ್ತದೆಂದು ಯಾರು ಹೇಳಬೇಕು?)
ಕೊಳವೆಯನ್ನಷ್ಟೇ ಕಳಚಿ, ಹೊಸದಕ್ಕೆ ಸಲೈನು ಜೋಡಿಸಿ
ಕಾರಿಡಾರಿಗೆ ಕೂಗಿದೆ: ಡಾಕ್ಟರ್ ಮೆದೆರ್!
ಹನ್ನೊಂದು ವರ್ಷ ಪಿಸುಮಾತಲ್ಲೇ ಕೆಲಸ ಮಾಡಿದವಳಿಗೆ
ಅಷ್ಟು ದೊಡ್ಡ ದನಿ ಇದೆಯೆಂದು ಗೊತ್ತಿರಲಿಲ್ಲ.

ಜ್ವರ ಮೂವತ್ತೊಂಬತ್ತು. ನಾಡಿ ಓಡುತ್ತಿತ್ತು, ಒತ್ತಡ ಇಳಿಯುತ್ತಿತ್ತು.
ಟಾರ್ಚು ಹಿಡಿದು ಓದಿದೆ.
ಮಣಿಕಟ್ಟಿನ ಪಟ್ಟಿಯಲ್ಲಿ: ಸಾದಿರೋವಾ ಕನಿಶಾಯ್, ತೊಂಬತ್ತಾರು.
ಚೀಲದ ಮೇಲೆ: ಸಾದಿರೋವಾ ಕನಿಶಾಯ್, ಅರವತ್ತೊಂಬತ್ತು.
ಅವೇ ಎರಡು ಅಂಕಿ, ತಿರುವುಮುರುವು.
ಆ ಇನ್ನೊಬ್ಬಳು ಮೇಲಿನ ಮಹಡಿಯಲ್ಲಿ
ಪಿತ್ತಕೋಶ ತೆಗೆಸಿಕೊಂಡು ಮಲಗಿದ್ದಳು.
ಅವಳ ತೋಳಿಗೆ ಇವಳ ಚೀಲ ಏರುವ ಮೊದಲು
ಎರಡೆರಡು ಮೆಟ್ಟಿಲು ಹಾರಿ ತಡೆದದ್ದು, ನೆಲ ಒರೆಸುವ ಉಮ್ಸುನಾಯ್.

ಇಬ್ಬರು ಓದಿದ್ದೆವು, ನಾನೂ ಜೊತೆಯವಳೂ.
ಜೋರಾಗಿಯೇ ಓದಿದ್ದೆವು. ಹೆಸರು ಸರಿಯಿತ್ತು,
ಹೆಸರಿಗೆ ತಲೆಯಾಡಿಸಿದೆವು.
ರಕ್ತ ಹೆಸರಿಗೆ ಮರುಳಾಗಲಿಲ್ಲ.

ಚೀಲ, ಕೊಳವೆ, ಅವಳ ಹೊಸ ರಕ್ತದ ಮಾದರಿ
ಎಲ್ಲ ಕೆಳಗೆ ಬ್ಲಡ್ ಬ್ಯಾಂಕಿಗೆ ಹೋಯಿತು.
ನಾನು ಮೂತ್ರದ ಚೀಲ ನೋಡುತ್ತ ಕೂತೆ.
ಕಪ್ಪು ಚಹಾ.
ಮೂರು ಗಂಟೆಗೂ ಕಪ್ಪು ಚಹಾ.
ಬೆಳಕು ಹರಿಯುವಾಗ, ಬಡವರ ಮನೆಯ ತಿಳಿ ಚಹಾ.

ಅತ್ತೆ ನನ್ನ ಕೈ ಹಿಡಿದು ಆಶೀರ್ವಾದ ಮಾಡಿದಳು.
ಅದನ್ನು ಎಲ್ಲಿಡಲಿ?

ವರದಿಯ ಹಾಳೆ. ಪೆನ್ನಿನ ಮಸಿ ಚಳಿಗೆ ಮರಗಟ್ಟಿತ್ತು,
ಬಾಯಿಯಿಂದ ಊದಿ ಬಿಸಿ ಮಾಡಿದೆ.
"ಮೂವತ್ತು ಎಂ.ಎಲ್. ಹೋದಮೇಲೆ ನಿಲ್ಲಿಸಿದೆ."
ಅದರ ಕೆಳಗೆ, ತುಸು ತಡೆದು,
"ಹುಟ್ಟಿದ ವರ್ಷವನ್ನು ನಾನು ಓದಲಿಲ್ಲ."

ಎಲ್ಲೋ ಕೆಳಗೆ ರಿಪೇರಿಯವನು ಪೈಪು ಬಡಿಯತೊಡಗಿದ.
ಕಂಬಳಿ ಇನ್ನೂ ನೆಲದ ಮೇಲೇ ಇತ್ತು.