ಕಿವಿರು ಎತ್ತಿ ತೋರಿಸುವುದು

ಅವ್ವ ಹೆಬ್ಬೆರಳಲ್ಲಿ ಎತ್ತುತ್ತಿದ್ದಳು ಕಿವಿರಿನ ಮುಚ್ಚಳ:
‘ನೋಡ್ರಿ ಅಣ್ಣಾ, ದಾಸವಾಳ!’
ಭದ್ರಾವತಿಯ ಸೇತುವೆ ಪಕ್ಕ, ಬೆಳಿಗ್ಗೆ ಏಳಕ್ಕೆ,
ತಕ್ಕಡಿಗಿಂತ ಮೊದಲು ಆ ಕೆಂಪೇ ವ್ಯಾಪಾರ ಕುದುರಿಸುತ್ತಿತ್ತು.

ನಾನೀಗ ಶಂಕರಘಟ್ಟದಲ್ಲಿ ಲ್ಯಾಬ್ ಅಟೆಂಡರ್.
ಸಂಶೋಧನೆಗೆ ಬಂದ ಪ್ರಫುಲ್ಲಾಳ ನಾಲ್ಕು ಗಾಜಿನ ತೊಟ್ಟಿ;
ಮೊದಲನೆಯದಕ್ಕೆ ಬಾವಿ ನೀರು,
ಉಳಿದವಕ್ಕೆ ನಾನೇ ಕ್ಯಾನಿನಲ್ಲಿ ಹೊತ್ತು ತಂದ ಹೊಳೆ:
ಮೋರಿ ಸೇರುವಲ್ಲಿಂದ, ಅದರ ಕೆಳಗಿಂದ, ಇನ್ನೂ ಕೆಳಗಿಂದ.
ಎಲ್ಲದರಲ್ಲೂ ಗೆಂಡೆ ಮರಿ.

ಕೊರವನಾದರೆ ಮೇಲೆ ಬಂದು
ಒಂದು ಗುಟುಕು ಗಾಳಿ ಕುಡಿದು ಹೋದೀತು.
ಗೆಂಡೆಗೆ ಆ ಕಸುಬು ಗೊತ್ತಿಲ್ಲ.
ಎರಡನೇ ತೊಟ್ಟಿಯವು ಮೂರನೇ ದಿನಕ್ಕೆ ಕೆಮ್ಮಿದವು.
ಮೀನು ಕೆಮ್ಮುತ್ತೆ, ಹೌದು, ನಾನೇ ಕೂತು ಎಣಿಸಿದ್ದೇನೆ,
ನಿಮಿಷಕ್ಕೆ ಹನ್ನೊಂದು.

ಆಮೇಲೆ ಮೇಣದಲ್ಲಿ ಹೂತು, ಯಂತ್ರಕ್ಕೆ ಕೊಟ್ಟು
ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ಯುತ್ತೇನೆ.
ಬಾವಿ ನೀರಿನದು ಹೊಸ ಬಾಚಣಿಗೆ, ಹಲ್ಲು ಹಲ್ಲು ಬೇರೆ.
ಹೊಳೆಯದ್ದು
ಬೆಲ್ಲದ ಪಾಕಕ್ಕೆ ಅದ್ದಿ ಮರೆತ ಬಾಚಣಿಗೆ.
‘ವಿಷ ಒಳಗೆ ಬರಬಾರ್ದು ಅಂತ ಲೋಳೆ ಸುರಿಸುತ್ತೆ,
ಚರ್ಮ ದಪ್ಪ ಮಾಡ್ಕೊಳ್ಳುತ್ತೆ,’ ಅಂದಳು ಪ್ರಫುಲ್ಲಾ,
‘ಅದಕ್ಕೇ ಉಸಿರೂ ಬರಲ್ಲ.’
ಅಂದವಳು ಚಿತ್ರಾನ್ನದ ಡಬ್ಬಿ ಮುಚ್ಚಿಟ್ಟಳು.

ಗಾಜಿನ ಮೇಲೆ ಯಾವುದಕ್ಕೂ ಸ್ವಂತ ಬಣ್ಣವಿಲ್ಲ.
ಎಲ್ಲದಕ್ಕೂ ನಾನೇ ಹಾಕಬೇಕು ಗುಲಾಬಿ,
ಎರಡು ನಿಮಿಷ ಅದ್ದಿ, ತೊಳೆದು, ಒಣಗಿಸಿ.
ಕಾಯಿಲೆಯದ್ದೇ ಹೆಚ್ಚು ಚೆಂದ ಬರುತ್ತದೆ.

ಅವ್ವನ ಕೊನೆಯ ಬೇಸಿಗೆಗಳಲ್ಲಿ
ಕಿವಿರು ಹಳೇ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು.
‘ನಿನ್ನೇದಾ?’
‘ಈಗ ಹಿಡಿದದ್ದು, ನನ್ನ ಮಗನ ಆಣೆ.’
ಬಾಲ ಇನ್ನೂ ಹೊಡೆದುಕೊಳ್ಳುತ್ತಿತ್ತು. ಯಾರೂ ಬಾಲ ನೋಡಲಿಲ್ಲ.
ಪಕ್ಕದ ಕಲ್ಲಿನ ಮಾಸ್ತಕ್ಕ ಕುಂಕುಮದ ನೀರು ಸವರಲು ಕಲಿತಳು.
ಅವ್ವ ಕಲಿಯಲಿಲ್ಲ. ಬುಟ್ಟಿ ಬೋರಲು ಹಾಕಿ
ಹೋಟೆಲಿನ ತಟ್ಟೆ ತೊಳೆಯಲು ಹೋದಳು.
ಆಣೆ ಮಾತ್ರ ನನ್ನ ಮೇಲೆ ಉಳಿಯಿತು.

ಸಂಜೆ ತೊಟ್ಟಿ ತೊಳೆಯುತ್ತೇನೆ. ತೊಳೆದ ನೀರು
ಸಿಂಕಿನಿಂದ ಪೈಪಿಗೆ, ಪೈಪಿನಿಂದ ಎಲ್ಲಿಗೋ.
ಕೇಳಿಲ್ಲ ಯಾರನ್ನೂ.

ನಾಲ್ಕನೇ ತೊಟ್ಟಿಯಲ್ಲಿ ಒಂದು ಗೆಂಡೆ ಇದೆ,
ಪಟ್ಟಿಯಲ್ಲಿ ತಪ್ಪಿ ‘ಸತ್ತಿದೆ’ ಎಂದು ಬರೆದದ್ದು.
ಮೂಲೆಯಲ್ಲಿ ನಿಂತು
ಮುಚ್ಚಳ ಎತ್ತುತ್ತೆ, ಹಾಕುತ್ತೆ, ಎತ್ತುತ್ತೆ,
ಯಾರ ಹೆಬ್ಬೆರಳೂ ಇಲ್ಲದೆ.