ಡಬ್ಬ ಇಟ್ಟ ಹಾಳಿ

ಗಾಜಿನ ಮ್ಯಾಲ ಹಾಳಿ ಡಬ್ಬ ಇಡಬೇಕು.
ಮಕ ಕೆಳಗ, ಬೆನ್ನು ಮ್ಯಾಲ.
ಹನ್ನೊಂದು ವರ್ಷ ಇದನ್ನ ಮಾಡೀನಿ
ಮಸ್ಕಿ ಬಸ್‌ಸ್ಟ್ಯಾಂಡಿನ ಎದುರಿಗೆ,
ಭ್ರಮರಾಂಬ ಝೆರಾಕ್ಸಿನ್ಯಾಗ.
ಓದೂದು ಮಷೀನಿನ ಕೆಲಸ, ನಂದಲ್ಲ ಅಂತ
ಮೊದಲ ದಿನಾನೇ ಠರಾಯಿಸಿದ್ದೆ.

ಆದ್ರೂ ಬೆಳಕು ಹಾಯೂ ಮುಂದ ಕಣ್ಣು ಎಲ್ಲಿಡೂದು?
ಯಾರ ಸಕ್ರಿ ಎಷ್ಟು, ಯಾರ ಹೊಲ ಯಾರ ಹೆಸರಿಗೆ ಹೋತು,
ಯಾರ ಮಗಳ ಟೀಸಿಯೊಳಗ ಅಪ್ಪನ ಹೆಸರಿನ ಜಾಗಾ ಖಾಲಿ.
ನೋಡೀನಿ. ನೋಡಿಲ್ಲ ಅಂದ್ರ ಸುಳ್ಳಾಕ್ಕೈತಿ.
ನೋಡಿದ್ದು ತುಟಿ ದಾಟಿಲ್ಲ, ಅಷ್ಟ.

ಕೆಟ್ಟ ಪ್ರತಿ ಮಾತ್ರ ಟೇಬಲ್ಲಿನ ಕೆಳಗಿನ ಚೀಲಕ್ಕ:
ಮಸಿ ಹತ್ತಿದವು, ಸೊಟ್ಟ ಬಂದವು, ಅರ್ಧ ಮಾರಿ ಬಂದವು.
ಚೀಲ ತುಂಬಿದ್ರ ಹುಸೇನಪ್ಪಗ, ಕಿಲೋಕ್ಕ ಹನ್ನೆರಡು.
ಆತನ ಮಿರ್ಚಿಗೆ ಹಾಳಿ ಬೇಕು,
ನನಗ ಚಾದ ರೊಕ್ಕ ಬೇಕು.

ಹೋದ ಆಷಾಢದಾಗ ಒಂದಿನ ಸಂಜೀಕ
ಕರೆಂಟ್ ಹೋಗಿತ್ತು. ನಾಲ್ಕು ಮಿರ್ಚಿ ತರಿಸಿದೆ.
ಎರಡು ತಿಂದ ಮ್ಯಾಲ, ಎಣ್ಣಿ ಕುಡಿದ ಹಾಳಿಯೊಳಗಿಂದ
ಒಬ್ಬ ಹೆಣ್ಣುಮಗಳು ನನ್ನ ನೋಡಿದಳು.
ಹಾಳಿ ಗಾಜಿನಂಗಾಗಿ
ಹಿಂದಿನ ಸಾಲು ಮುಂದಿನ ಸಾಲಿಗೆ ಕೂಡಿದ್ವು:
ಹೆಸರು, ಹನ್ನೆರಡು ಅಂಕಿ, ದವಾಖಾನಿ ಮೊಹರು,
ಮೊಹರಿನ ಬಾಜೂಕ ಆ ಜಡ್ಡಿನ ಹೆಸರು.
ಎಡಗಡೆ ಅಂಚಿಗೆ
ಕೂದಲೆಳಿಯಂಥಾ ಒಂದು ಕರೀ ಗೆರಿ.

ಆ ಗೆರಿ ನನ್ನ ಮಷೀನಿಂದು.
ಡ್ರಮ್ಮಿಗೆ ಗೀರು ಬಿದ್ದು ಎರಡು ವರ್ಷ, ರಿಪೇರಿ ಮಾಡಿಸಿಲ್ಲ.
ಯಾವ ಪ್ರತಿ ಎಲ್ಲಿ ಸಿಕ್ರೂ ನಂದು ಅಂತ ಹೇಳಬಲ್ಲೆ,
ಕಿವಿಯ ಗುರ್ತು ನೋಡಿ ಕುರುಬ ತನ್ನ ಕುರಿ ಹೇಳಿದಂಗ.

ಆಕಿ ಯಾರು ಅಂತ ಕೇಳಬ್ಯಾಡ್ರಿ.
ಮೂರನೇ ಮಿರ್ಚಿ ಇಳೀಲಿಲ್ಲ.

ನಮ್ಮೂರ ಗುಡ್ಡದಾಗ ಒಂದು ಬಂಡೆ ಐತಿ.
ಎಷ್ಟೋ ಊರ ಕಲ್ಲಿಗೆ ಬರೀ ಬಿರುದು ಬರೆಸಿದ ರಾಜ
ಇಲ್ಲಿ ತನ್ನ ಹೆಸರು ಬಾಯಿಬಿಟ್ಟಾನ.
ಅದಕ್ಕ ಕಬ್ಬಿಣದ ಜಾಳಿಗಿ, ಕೀಲಿ, ಬೋರ್ಡು.
ಆತ ತಾನಾಗೇ ಬರೆಸಿದ, ಎಲ್ಲರೂ ಓದಲಿ ಅಂತ.
ಈಕಿ ಎರಡು ರೂಪಾಯಿ ಕೊಟ್ಟು
ಒಂದೇ ಒಂದು ಪ್ರತಿ ಕೇಳಿದ್ದಳು.

ಹುಸೇನಪ್ಪಗ ಇಲ್ಲ ಅಂದೆ.
"ಯಾಕ ಸಾವಂತ್ರಕ್ಕ, ಹದಿನೈದು ಕೊಡ್ಲೇನು?"
ಚೀಲ ಮನಿಗೆ ಒಯ್ದೆ, ಹಂಡೇದಾಗ ನೆನಿ ಹಾಕಿದೆ.
ಅತ್ತಿ ಏನೂ ಕೇಳದೇ ಮೆಂತೇವು ರುಬ್ಬಿ ಕೊಟ್ಟಳು.
ಮೂರು ದಿನಕ್ಕ ಮಾರಿ ಬಿಟ್ವು, ಅಂಕಿ ಬಿಟ್ವು.
ಮಸಿ ಮಾತ್ರ ಬಿಡಲಿಲ್ಲ; ಹಿಟ್ಟೆಲ್ಲ ಬೂದಿಬಣ್ಣ.
ಕೊಡದ ಬೆನ್ನಿಗೆ ಮೆತ್ತಿ ಒಣಗಿಸಿದೆವು.
ಆ ಬುಟ್ಟಿಯೊಳಗ ಈಗ ಶೇಂಗಾ.
ಯಾವ ಕಾಳಿನ ಕೆಳಗ ಯಾರದಾರ
ನನಗೂ ಗೊತ್ತಿಲ್ಲ.

ಮೊನ್ನಿ ಸಾಲದ ಆ್ಯಪಿನ ಹುಡುಗ ಬಂದಿದ್ದ.
ಅಂಗಿಯ ಇಸ್ತ್ರಿ ಇನ್ನೂ ಮುರಿದಿದ್ದಿಲ್ಲ.
"ಫೋನ್ ನಂಬರ್ ಒಂದಕ್ಕ ಮೂರು ರೂಪಾಯಿ ಅಕ್ಕಾರ,
ಕಾರ್ಡಿನ ಫೋಟೋ ಇದ್ರ ಐದು."
ಮಿರ್ಚಿ ಹಾಳಿಗಿಂತ ತುಟ್ಟಿ ಆತಲ್ಲೋ, ಅಂದೆ.
ಆತ ನಕ್ಕ.
ಹೋದ ಮ್ಯಾಲ ತಿಳೀತು, ಆತ ನೋಡಿದ್ದು ಚೀಲ ಅಲ್ಲ,
ಕಂಪ್ಯೂಟರ್.

ಅದರೊಳಗ ಡೌನ್‌ಲೋಡ್ಸ್ ಅಂತ ಒಂದು ಹಗೇವು.
ವಾಟ್ಸಾಪಿಗೆ ಕಳಿಸಿದ್ದು, ಪ್ರಿಂಟ್ ತಗದಿದ್ದು, ಮರೆತಿದ್ದು,
ನಾಲ್ಕು ಸಾವಿರದ ಮುನ್ನೂರಾ ಹನ್ನೆರಡು.
ನೆನಿಸಾಕ ಬರೂದಿಲ್ಲ, ಮೆಂತೇವು ಹತ್ತೂದಿಲ್ಲ.
ರಾತ್ರಿ ಷಟರ್ ಅರ್ಧ ಇಳಿಸಿ
ಎಲ್ಲಾ ಒಮ್ಮೆಗೇ ಹಿಡಿದು ಅಳಿಸಿದೆ.
ಹೋಗಲಿಲ್ಲ. ಪರದೆ ಮೂಲಿಯ ಕಸದ ಬುಟ್ಟಿಯೊಳಗ
ಹೋಗಿ ಕುಂತ್ವು.
ಆ ಬುಟ್ಟಿ ಬರಿದು ಮಾಡಾಕ ಹೋದ್ರ ಒಂದು ಪ್ರಶ್ನಿ:
ಖರೇನ ಅಳಿಸಬೇಕಾ?

ತಗೊಳ್ಳೂ ಮುಂದ ಒಮ್ಮೆನೂ ಕೇಳಿರಲಿಲ್ಲ ಅದು.
ನಾನೂ ಯಾರನ್ನೂ ಕೇಳಿರಲಿಲ್ಲ.

ಹೌದು ಒತ್ತಿದೆ. ಷಟರ್ ಪೂರಾ ಇಳಿಸಿದೆ.
ಕೀಲಿ ಜಗ್ಗಿ ನೋಡಿದೆ, ಎರಡು ಸಲ.
ರಸ್ತೆಯ ಆಚೀಕಿನ ಝೆರಾಕ್ಸಿನ್ಯಾಗ ಇನ್ನೂ ಲೈಟಿತ್ತು,
ಸ್ಟೂಲಿನ ಮ್ಯಾಲ ಇಸ್ತ್ರಿ ಅಂಗಿ ಕುಂತಿತ್ತು.