ಖಾಸಿಂಬಿಯ ಮೊರ

ಕಲಬುರಗಿ ಗಂಜಿನ ಹಿಂದ, ಬ್ಯಾಳಿ ಮಿಲ್ಲಿನ ದೂಳಿನಾಗ
ಖಾಸಿಂಬಿ ಮೊರ ಹಿಡದು ಕುಂತಾಳ.
ಒಡದ ತೊಗರಿ ಈ ಕಡಿ, ಒಡೀಲಾರದ್ದು ಆ ಕಡಿ.
ಒಡದದ್ದಕ್ಕ ರೇಟು.
ಒಡೀಲಾರದ್ದಕ್ಕ ಮತ್ತೊಮ್ಮಿ ಕಲ್ಲು.

"ಎರಡರಾಗ ಯಾವುದು ಚಲೋ?" ಅಂದೆ.
ನಕ್ಕಳು. ಮುಂದಿನ ಹಲ್ಲೊಂದು ಇಲ್ಲ.
"ಉಣ್ಣಾವ ಕೇಳಿದ್ರ ಒಂದು, ಬಿತ್ತಾವ ಕೇಳಿದ್ರ ಒಂದು.
ನಾ ಬರೇ ಆರಸಾಕಿ."

ಮೊರ ಮ್ಯಾಲೇಳತದ.
ಹೊಟ್ಟು ಗಾಳಿಗಿ, ಕಾಳು ಮಡಿಲಿಗಿ;
ಆಕಿ ಮಣಿಕಟ್ಟು ಮಾತ್ರ
ಯಾರ ಕಡಿನೂ ಅಲ್ಲ.

ಸಂಜಿಗಿ ಸೆರಗು ಕೊಡವಿದಾಗ
ಇಡೀ ಕಾಳೊಂದು ಜಾರಿತು.
ಬಗ್ಗಿ ಎತ್ತಲಿಲ್ಲ.

ವಾರ ಬಿಟ್ಟು ನೋಡತೀನಿ,
ಚರಂಡಿ ಬಾಜೂಕ, ಕರಿ ಮಣ್ಣಾಗ
ಅದೂ ಒಡದಾದ,
ಎರಡು ಎಲಿ ಹಿಡದು,
ಕಲ್ಲಿಲ್ಲದ.